ಏಳು ಗಂಟೆಯ ಲಾಂಚ್

ಜನವರಿ 10

ತಂಗಿಗೆ,

ಸೋಮವಾರ ಬೆಳಿಗ್ಗೆ ನದಿ ದಾಟಿಸುವ ಏಳು ಗಂಟೆಯ ಲಾಂಚ್ ಸರಿಯಾಗಿ ಏಳಕ್ಕೆ ಜೆಟ್ಟಿ ಬಿಟ್ಟಿತು. ಹದಿಮೂರು ಜನ ದಡದಲ್ಲೇ ಉಳಿದರು. ಅಮ್ಮ ಫೋನಿನಲ್ಲಿ ಹೇಳಿದಳು. ಲಾಂಚ್ ನಡೆಸುತ್ತಿದ್ದವಳು ನೀನು ಎಂಬುದನ್ನು ಕೊನೆಗೆ, ದನಿ ತಗ್ಗಿಸಿ ಹೇಳಿದಳು.

ನೀನು ಲಾಂಚಿನಲ್ಲಿ ದಡದ ಕಂಬಕ್ಕೆ ಹಗ್ಗ ಎಸೆಯುವ ಕೆಲಸಕ್ಕೆ ಸೇರಿದ್ದು ಗೊತ್ತಿತ್ತು. ಚಾಲಕರ ಪರವಾನಗಿ ಪಡೆದದ್ದು ಗೊತ್ತಿರಲಿಲ್ಲ. ನಾನು ಆರು ವರ್ಷ ಹಿಡಿದಿದ್ದ ಚುಕ್ಕಾಣಿ ಈಗ ನಿನ್ನ ಕೈಯಲ್ಲಿದೆ. ಸಂತೋಷವಾಯಿತು. ಇದನ್ನು ಬಾಯಲ್ಲೇ ಹೇಳಬಹುದಿತ್ತು, ಆದರೆ ಮೂರು ವರ್ಷದಿಂದ ನೀನು ನನ್ನ ಫೋನು ಎತ್ತಿಲ್ಲ. ಪತ್ರವಾದರೆ ಎತ್ತಲೇಬೇಕು, ಇಲ್ಲದಿದ್ದರೆ ಬಾಗಿಲಿಗೆ ಅಡ್ಡ ಬಿದ್ದಿರುತ್ತದೆ.

ನನ್ನ ಸಮಾಚಾರ: ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ದಿನಕ್ಕೆ ನಾನೂರು ಹೊದಿಕೆ ಯಂತ್ರದಿಂದ ತೆಗೆದು, ಇಸ್ತ್ರಿ ಮಾಡಿ, ಮಡಚಬೇಕು. ಕೆಲಸ ಇಷ್ಟವಾಗಿದೆ. ಒಂದೇ ತೊಂದರೆ, ಪಾಳಿ ಬೆಳಿಗ್ಗೆ ಆರಕ್ಕೆ. ಕಳೆದ ತಿಂಗಳು ಹನ್ನೊಂದು ಸಲ ತಡವಾಯಿತು. ಮೇಲ್ವಿಚಾರಕಿ ಕರೆದು ಇನ್ನೊಂದು ತಿಂಗಳು ನೋಡುತ್ತೇನೆ ಎಂದರು. ಲಾಂಚಿನಿಂದ ನನ್ನನ್ನು ಇಳಿಸಿದ್ದೂ ತಡ ಎಂಬ ಕಾರಣಕ್ಕೇ. ಊರು ಬದಲಾಯಿತು, ನಾನು ಬದಲಾಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗಿನಿಂದ ಹೇಳಿದ ಹೊತ್ತಿಗೆ ಏಳುವವಳು. ಹೇಗೆ ಏಳುತ್ತೀಯ? ಇದು ತಮಾಷೆಯ ಪ್ರಶ್ನೆ ಅಲ್ಲ.

ಇಂತಿ,
ಅಣ್ಣ


ಜನವರಿ 24

ಅಣ್ಣನಿಗೆ,

ಪತ್ರ ತಲುಪಿತು. ದಡದಲ್ಲಿ ಉಳಿದವರು ಹದಿಮೂರಲ್ಲ, ಹನ್ನೆರಡು. ಹದಿಮೂರನೆಯವರು ಲೆಕ್ಕದ ಮೇಷ್ಟ್ರು. ಅವರು ಹತ್ತಿದರು, ಅವರ ಕೊಡೆ ಹತ್ತಲಿಲ್ಲ. ಅಮ್ಮ ಕೊಡೆಯನ್ನೂ ಎಣಿಸಿದ್ದಾಳೆ.

ನನ್ನದು ಆರು ತಿಂಗಳ ಪರೀಕ್ಷಾವಧಿ. ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಆಮೇಲೆ ಕೆಲಸ ಕಾಯಂ, ಇಲ್ಲವೆಂದರೆ ಇಲ್ಲ. ನಿನ್ನ ನಂತರ ಬಂದ ಚಾಲಕರು ಏಳಕ್ಕೂ ಹೊರಡುತ್ತಿದ್ದರು, ಏಳೂ ಹತ್ತಕ್ಕೂ ಹೊರಡುತ್ತಿದ್ದರು, ಅವರ ಮನಸ್ಸು ಬಂದ ಹಾಗೆ. ಜನಕ್ಕೆ ಅದೇ ಅಭ್ಯಾಸವಾಗಿದೆ. ನಾನು ಏಳು ಎಂದರೆ ಏಳು. ನನಗೆ ‘ಸೆಕೆಂಡು’ ಎಂದು ಹೆಸರಿಟ್ಟಿದ್ದಾರೆ. ಇರಲಿ. ಆಚೆ ದಡದಲ್ಲಿ ಏಳು ಮೂವತ್ತೈದರ ರೈಲು ಯಾರನ್ನೂ ಕಾಯುವುದಿಲ್ಲ.

ಮೂರು ವರ್ಷದ ಹಿಂದಿನ ಆ ದಿನದ ಬಗ್ಗೆ ನೀನು ಬರೆದಿಲ್ಲ. ನಾನೂ ಬರೆಯುವುದಿಲ್ಲ. ತಾಂತ್ರಿಕ ಶಾಲೆಯ ಪರೀಕ್ಷೆಯ ಪ್ರವೇಶಪತ್ರ ಪೆಟ್ಟಿಗೆಯಲ್ಲಿದೆ, ಮಡಿಕೆ ಕೂಡ ಬಿದ್ದಿಲ್ಲ.

ಕೇಳಿದ್ದಕ್ಕೆ ಉತ್ತರ: ನನ್ನ ಬೆಳಗಿನ ವೇಳಾಪಟ್ಟಿಯ ಪ್ರತಿ ಜೊತೆಗಿಟ್ಟಿದ್ದೇನೆ. ಹದಿನಾಲ್ಕು ಸಾಲಿದೆ. ಗೋಡೆಗೆ ಅಂಟಿಸಿಕೋ. ಒಂದು ಸಾಲು ತಪ್ಪಿದರೂ ಮಿಕ್ಕಿದ್ದು ಕೆಡುತ್ತದೆ.

ಇಂತಿ,
ತಂಗಿ


ಫೆಬ್ರವರಿ 12

ಪ್ರೀತಿಯ ತಂಗಿಗೆ,

ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಮೊದಲ ದಿನದ ವರದಿ ಹೀಗಿದೆ.

ನಾಲ್ಕೂವರೆಗೆ ಎದ್ದೆ. ನಾಲ್ಕು ನಲವತ್ತಕ್ಕೆ ಕೈಕಾಲು ಸಡಿಲಿಸಿದೆ. ನಾಲ್ಕು ಐವತ್ತಕ್ಕೆ ತಣ್ಣೀರು ಸುರಿದುಕೊಂಡೆ. ನನ್ನ ಕೂಗು ಕೇಳಿ, ನನ್ನ ಕೋಣೆಯಲ್ಲೇ ಇರುವ ಆಸ್ಪತ್ರೆಯ ಬಾಯ್ಲರಿನವರು ಯಾರೋ ಜಾರಿಬಿದ್ದರು ಎಂದು ಟವೆಲ್ಲಿನಲ್ಲೇ ಓಡಿ ಬಂದರು. ಎಂಟನೇ ಸಾಲಿನವರೆಗೆ ನಾನು ನಿನಗಿಂತ ಎರಡು ನಿಮಿಷ ಮುಂದಿದ್ದೆ. ಒಂಬತ್ತನೇ ಸಾಲು, ‘ಐದು ನಿಮಿಷ ಕಣ್ಣು ಮುಚ್ಚಿ ದಿನದ ಕೆಲಸವನ್ನು ನೆನೆಯುವುದು.’ ಕಣ್ಣು ಮುಚ್ಚಿದೆ. ತೆರೆದಾಗ ಏಳೂ ಕಾಲು.

ಎರಡನೇ ದಿನ ಒಂಬತ್ತನೇ ಸಾಲನ್ನು ಬಿಟ್ಟೆ. ಅದನ್ನು ಬಿಟ್ಟಿದ್ದಕ್ಕೆ ಬೇಸರವಾಗಿ ಹತ್ತನ್ನೂ ಬಿಟ್ಟೆ. ಮೂರನೇ ದಿನ ಏಳಲೇ ಇಲ್ಲ. ಬಾಯ್ಲರಿನವರು ಗೋಡೆಯ ಮುಂದೆ ನಿಂತು ಹದಿನಾಲ್ಕನ್ನೂ ಬಾಯಿಬಿಟ್ಟು ಓದಿದರು. ಆಮೇಲೆ, “ಇಷ್ಟೆಲ್ಲಾ ನಿಂಗ್ಯಾಕಯ್ಯ? ಎರಡು ಕಾಲು ನೆಲಕ್ಕಿಡು. ಮಿಕ್ಕಿದ್ದನ್ನ ಕಾಲೇ ನೋಡ್ಕೊಳ್ಳುತ್ತೆ” ಎಂದರು.

ಅಂದಿನಿಂದ ನನಗೆ ಒಂದೇ ಸಾಲು: ಐದಕ್ಕೆ ಕಾಲು ನೆಲದ ಮೇಲೆ. ಅಲಾರಂ ಗಡಿಯಾರವನ್ನು ಬಚ್ಚಲಿನ ತಗಡಿನ ಬಕೆಟ್ಟಿನೊಳಗೆ ಇಡುತ್ತೇನೆ. ಅದು ಹೊಡೆದುಕೊಂಡರೆ ಮಹಡಿಯ ಮೂರು ಮನೆಯವರು ಏಳುತ್ತಾರೆ. ಅವರು ನನ್ನ ಬಾಗಿಲು ಬಡಿಯುವ ಮೊದಲು ನಾನು ಓಡಬೇಕು. ಹೆದರಿಕೆಯಿಂದಲೋ ಏನೋ, ಒಂಬತ್ತು ದಿನದಿಂದ ತಡವಾಗಿಲ್ಲ. ಸಂಜೆ ಏಳಾದರೆ ಮಾತ್ರ ಕೂತಲ್ಲೇ ನಿದ್ದೆ.

ಇನ್ನೊಂದು ವಿಷಯ. ಕಳೆದ ವಾರ ಆಸ್ಪತ್ರೆಯವರು ನಮಗೆಲ್ಲ ಅರ್ಧ ದಿನದ ತರಬೇತಿ ಇಟ್ಟಿದ್ದರು. ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ನಿಮಗೆ ಮುಖ್ಯವಾದ ಐದು ಸಂಗತಿ ಬರೆಯಿರಿ, ಆಮೇಲೆ ಒಂದೊಂದನ್ನೇ ಹೊಡೆದು ಹಾಕಿ, ಕೊನೆಗೆ ಉಳಿಯುವುದೇ ನಿಮ್ಮನ್ನು ನಡೆಸುವುದು ಎಂದರು. ನಾನು ಬರೆದದ್ದು: ನಿದ್ದೆ, ಭಾನುವಾರ, ಬಿಸಿನೀರು, ಅಮ್ಮ, ಯಾರನ್ನೂ ಬಿಟ್ಟು ಹೋಗದಿರುವುದು. ಮೊದಲು ಬಿಸಿನೀರು ಹೋಯಿತು, ಆಮೇಲೆ ಭಾನುವಾರ. ನಿದ್ದೆಯನ್ನು ಹೊಡೆದು ಹಾಕುವ ಮೊದಲು ಪೆನ್ನನ್ನು ಎರಡು ಸಲ ಕೆಳಗಿಟ್ಟೆ. ಕೊನೆಗೆ ಎರಡು ಉಳಿದವು. ಅಮ್ಮನನ್ನು ಹೊಡೆಯಲು ಆಗುವುದಿಲ್ಲ ಎಂದು ಮೇಡಂಗೆ ಹೇಳಿದೆ. ಹಾಗಾದರೆ ಎರಡೂ ಒಂದೇ ಇರಬೇಕು ನೋಡಿ ಎಂದು ಮುಂದಿನವರ ಬಳಿ ಹೋದರು.

ನಿನ್ನ ಐದು ಯಾವುವು?

ಇಂತಿ ನಿನ್ನ
ಅಣ್ಣ


ಮಾರ್ಚ್ 20

ಅಣ್ಣನಿಗೆ,

ಯಾರನ್ನೂ ಬಿಟ್ಟು ಹೋಗದಿರುವುದು ಎಂದು ನೀನು ಬರೆದದ್ದನ್ನು ಓದಿದೆ. ಅಂಥ ಪಟ್ಟಿ ಬರೆಯಲು ನನಗೆ ಪುರಸೊತ್ತಿಲ್ಲ ಎಂದು ಅವತ್ತೇ ಉತ್ತರಿಸಬೇಕೆಂದಿದ್ದೆ. ಅಷ್ಟರಲ್ಲಿ ಇದು ಆಯಿತು.

ಈ ತಿಂಗಳ 14ರಂದು ಲಾಂಚ್ ಹಗ್ಗದವರಿಲ್ಲದೆ ಹೊರಟಿತು. ನಮ್ಮ ಹಗ್ಗದವರು ಗಂಟಣ್ಣನೇ, ನಿನ್ನ ಕಾಲದವರೇ. ಅವರು ಕಂಬದಿಂದ ಹಗ್ಗ ಬಿಚ್ಚಿ ಲಾಂಚಿನೊಳಗೆ ಹಾಕಿದ್ದರು. ಹೊಲಿಗೆಯಮ್ಮ ತಮ್ಮ ಹೊಲಿಗೆ ಯಂತ್ರದ ತಲೆಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ಅವರಿಗೆ ಕೈ ಕೊಟ್ಟು ಲಾಂಚ್ ಹತ್ತಿಸಲು ಗಂಟಣ್ಣ ಮೇಲಕ್ಕೆ ಹೋದರು. ಮುಳ್ಳು ಏಳಕ್ಕೆ ಬಂತು. ನಾನು ಲಾಂಚ್ ಹೊರಡಿಸಿದೆ.

ನದಿಯ ನಡುವೆ ಬಂದ ಮೇಲೆ ಲೆಕ್ಕದ ಮೇಷ್ಟ್ರು ಹತ್ತಿರ ಬಂದು, “ಅಲ್ಲಮ್ಮ, ಆ ಕಡೆ ಹಗ್ಗ ಎಸೆಯೋರು ಯಾರು?” ಎಂದು ಬಹಳ ಮೆತ್ತಗೆ ಕೇಳಿದರು. ತಿರುಗಿ ನೋಡಿದೆ. ಗಂಟಣ್ಣ ದೂರದಲ್ಲಿ ಜೆಟ್ಟಿಯ ಮೇಲೆ ನಿಂತಿದ್ದರು, ಪಕ್ಕದಲ್ಲಿ ಹೊಲಿಗೆಯಮ್ಮ, ನಡುವೆ ಯಂತ್ರ. ಕೊನೆಗೆ ಮೇಷ್ಟ್ರೇ ಹಗ್ಗ ಎಸೆದರು. ನಾಲ್ಕನೇ ಸಲಕ್ಕೆ ಕಂಬಕ್ಕೆ ಬಿತ್ತು. ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ವಾಪಸು ಬಂದಾಗ ಗಂಟಣ್ಣ ಬೈಯಲಿಲ್ಲ. ಯಾಕೆ ಕೂಗಲಿಲ್ಲ ಎಂದು ನಾನೇ ಕೇಳಿದೆ.

“ತಿರುಗಿ ನೋಡ್ತೀಯ ಅಂದ್ಕೊಂಡೆ ಕಣಮ್ಮ” ಎಂದರು. “ನೀನು ಗಡಿಯಾರ ನೋಡ್ತಿದ್ದೆ.”

ಹಗ್ಗದವರಿಲ್ಲದೆ ಲಾಂಚ್ ಹೊರಡುವುದು ನಿಯಮಕ್ಕೆ ವಿರುದ್ಧ. ನೋಟಿಸ್ ಬಂದಿದೆ. ಜೂನ್ 20ಕ್ಕೆ ಲಾಂಚ್ ಕಚೇರಿಯ ಸೂಪರಿಂಟೆಂಡೆಂಟ್ ಮುಂದೆ ವಿಚಾರಣೆ. ಅದರ ಜೊತೆಗೇ ಪ್ರಯಾಣಿಕರ ಅರ್ಜಿಯೊಂದು ಹೋಗಿದೆ, ನಲವತ್ತೊಂದು ಸಹಿ. ಹಳೆಯ ಚಾಲಕನನ್ನೇ ಮರಳಿ ಕರೆಸಬೇಕಂತೆ. ಹಳೆಯ ಚಾಲಕ ಎಂದರೆ ನೀನು. ಅಮ್ಮ ಇದನ್ನು ನಿನಗೆ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ನಿನ್ನಿಂದ ಸಮಾಧಾನದ ಮಾತು ಬೇಡ. ಮೂರು ತಿಂಗಳಲ್ಲಿ ಒಂದು ದಿನವೂ ನಾನು ತಡ ಮಾಡಿಲ್ಲ. ತಪ್ಪು ಎಲ್ಲಾಯಿತೆಂದು ತಿಳಿಯುತ್ತಿಲ್ಲ.

ಇಂತಿ,
ತಂಗಿ


ಮಾರ್ಚ್ 28

ಪ್ರೀತಿಯ ತಂಗಿಗೆ,

ಸಮಾಧಾನ ಹೇಳುವುದಿಲ್ಲ. ಮೇಷ್ಟ್ರು ನಾಲ್ಕನೇ ಸಲಕ್ಕೆ ಹಗ್ಗ ಹಾಕಿದ್ದು ದೊಡ್ಡ ವಿಷಯ. ನಾನು ಕಲಿಯಲು ಹದಿನೈದು ದಿನ ಬೇಕಾಗಿತ್ತು.

ಆ ಕೆಲಸ ನಿನ್ನದು. ನನಗೆ ಬೇಡ, ಯಾರು ಸಹಿ ಹಾಕಿದರೂ ಬೇಡ. ಇದನ್ನು ಸೂಪರಿಂಟೆಂಡೆಂಟರಿಗೆ ಬೇರೆಯಾಗಿ ಬರೆದು ಕಳಿಸಿದ್ದೇನೆ. ಅದೂ ನಿನ್ನ ಪತ್ರ ಬಂದ ದಿನವೇ ಬರೆದು, ಅದೇ ದಿನ ಅಂಚೆಗೆ ಹಾಕಿದೆ. ನನ್ನ ಮಟ್ಟಿಗೆ ಅದು ದಾಖಲೆ.

ಒಂದು ಕೆಲಸ ಮಾಡು. ನಿನಗೆ ಪಟ್ಟಿ ಮಾಡುವುದು ಬರುತ್ತದೆ. ದಡದಲ್ಲಿ ಉಳಿಯುವವರನ್ನು ಎರಡು ವಾರ ಎಣಿಸು. ಎಷ್ಟು ಎಂದಲ್ಲ, ಯಾರು, ಎಲ್ಲಿಂದ ಎಂದು. ನನಗೆ ಗೊತ್ತಿರುವುದನ್ನು ನಾನೇ ಹೇಳಿಬಿಡಬಹುದು, ಆದರೆ ಹೊತ್ತಿನ ವಿಷಯದಲ್ಲಿ ನನ್ನ ಮಾತನ್ನು ನೀನು ನಂಬುವುದಿಲ್ಲ. ನಂಬಲೂಬಾರದು.

ನನ್ನ ಲೆಕ್ಕ: ಐವತ್ತೆರಡು ದಿನ, ತಡ ಒಂದೇ ಸಲ. ಅವತ್ತು ಬಾಯ್ಲರಿನವರು ಬಟ್ಟೆ ನೆನೆಹಾಕಲು ಬಕೆಟ್ಟು ಒಯ್ದಿದ್ದರು.

ಇಂತಿ ನಿನ್ನ
ಅಣ್ಣ


ಏಪ್ರಿಲ್ 25

ಅಣ್ಣ,

ಎಣಿಸಿದೆ. ಹನ್ನೆರಡು ಬೆಳಿಗ್ಗೆ, ಒಟ್ಟು ನೂರ ಮೂವತ್ತೊಂದು ಜನ. ಅದರಲ್ಲಿ ನೂರ ಒಂಬತ್ತು ಜನ ಒಂದೇ ಬಸ್ಸಿನಿಂದ ಇಳಿದವರು.

ಬಸ್ಸು ಬರುವುದು ಆರು ಐವತ್ತೆಂಟಕ್ಕೆ. ಬಸ್ ನಿಲ್ದಾಣ ಜೆಟ್ಟಿಯ ಬಾಯಲ್ಲೇ ಇದ್ದ ಕಾಲದಲ್ಲಿ ಲಾಂಚಿಗೆ ಏಳು ಗಂಟೆ ಎಂದು ಗೊತ್ತುಮಾಡಿದ್ದರು. ಐದು ವರ್ಷದ ಹಿಂದೆ ನಿಲ್ದಾಣವನ್ನು ಸೇತುವೆಯ ರಸ್ತೆಗೆ ಸರಿಸಿದರು. ಲಾಂಚಿನ ಹೊತ್ತನ್ನು ಯಾರೂ ಸರಿಸಲಿಲ್ಲ. ನಾನು ಹೊಸ ನಿಲ್ದಾಣದಿಂದ ಜೆಟ್ಟಿಗೆ ಗಡಿಯಾರ ಹಿಡಿದು ನಡೆದೆ. ಐದು ನಿಮಿಷ. ಹೊಲಿಗೆಯಮ್ಮನ ಯಂತ್ರವನ್ನು ಹೊತ್ತುಕೊಂಡು ಇನ್ನೊಮ್ಮೆ ನಡೆದೆ. ಆರೂವರೆ ನಿಮಿಷ, ಎರಡು ದಿನ ಸೊಂಟ ನೋವು. ಓಡಬಲ್ಲವರಿಗೆ ಲಾಂಚ್ ಸಿಗುತ್ತದೆ. ಓಡಲಾರದವರಿಗೆ ಸಿಗುವುದಿಲ್ಲ. ಅದರ ಹಿಂದಿನ ಬಸ್ಸು ಐದೂ ಐವತ್ತಕ್ಕೆ.

ನಾನು ಅವರನ್ನೆಲ್ಲ ಸೋಮಾರಿಗಳು ಎಂದುಕೊಂಡಿದ್ದೆ. ನಿಜವಾದ ಸೋಮಾರಿ ಒಬ್ಬರೇ, ಕ್ಷೌರದಂಗಡಿಯವರು. ಮನೆ ಜೆಟ್ಟಿಗೆ ಅಂಟಿಕೊಂಡಂತಿದೆ. ಹನ್ನೆರಡರಲ್ಲಿ ಒಂಬತ್ತು ದಿನ ತಡ. ಕೇಳಿದರೆ, ಹತ್ತಿರ ಇರೋರಿಗೆ ಯಾವತ್ತೂ ಹಾಗೇನೇ ಎಂದರು.

ಇನ್ನೊಂದು ಲೆಕ್ಕವನ್ನೂ ಮಾಡಿದೆ. ಕಚೇರಿಯಿಂದ ನಿನ್ನ ಆರು ವರ್ಷದ ದಿನಚರಿ ಪುಸ್ತಕಗಳನ್ನು ಕೇಳಿ ಪಡೆದೆ. ಕೊನೆಯ ಎರಡು ವರ್ಷ ನಿನ್ನ ಲಾಂಚ್ ಹೊರಟದ್ದು ಹೆಚ್ಚುಕಡಿಮೆ ದಿನವೂ ಏಳು ನಾಲ್ಕು, ಏಳು ಐದು, ಏಳು ನಾಲ್ಕು. ಅದಕ್ಕೂ ಹಿಂದಿನ ನಾಲ್ಕು ವರ್ಷ ಏಳು, ಏಳು, ಏಳು.

ನಿನಗೆ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ?

ತಂಗಿ


ಮೇ 6

ಪ್ರೀತಿಯ ತಂಗಿಗೆ,

ಗೊತ್ತಿತ್ತು. ಬಸ್ಸು ಇಳಿದವರು ಓಡಿ ಬರುವುದು ಚುಕ್ಕಾಣಿಯ ಹತ್ತಿರದಿಂದ ಕಾಣುತ್ತದೆ. ಕಂಡಮೇಲೆ ಹೇಗೆ ಹೊರಡುವುದು, ಕಾದೆ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಚೆಂದದ ಉತ್ತರವೊಂದನ್ನು ಮೂರು ವರ್ಷದಿಂದ ಇಟ್ಟುಕೊಂಡಿದ್ದೆ. ನಿನಗೆ ಅದನ್ನು ಹೇಳುವುದಿಲ್ಲ. ನಿಜ ಇಷ್ಟು: ಹೊತ್ತು ಬದಲಿಸಿ ಎಂದು ಕಚೇರಿಗೆ ಒಂದು ಅರ್ಜಿ ಕೊಡಬೇಕಿತ್ತು. ಎಣಿಸಬೇಕು, ಬರೆಯಬೇಕು, ಮೊಹರು ಹಾಕಿಸಬೇಕು. ನಾಳೆ ಬರೆಯೋಣ ಅಂದುಕೊಂಡೆ. ಎರಡು ವರ್ಷ ದಿನವೂ ಅಂದುಕೊಂಡೆ. ಅರ್ಜಿ ಬರೆಯುವುದಕ್ಕಿಂತ ನಾಲ್ಕು ನಿಮಿಷ ಕಾಯುವುದು ಸುಲಭ, ಮೇಲಾಗಿ ಕಾದರೆ ಜನ ಒಳ್ಳೆಯವನು ಅನ್ನುತ್ತಾರೆ.

ನಿನ್ನ ಪರೀಕ್ಷೆಯ ದಿನ ಬಸ್ಸಿನ ಗಾಲಿ ಪಂಕ್ಚರ್ ಆಗಿತ್ತು. ನಾಲ್ಕು ನಿಮಿಷ ಹನ್ನೊಂದಾಯಿತು. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ, ಪ್ರವೇಶಪತ್ರವನ್ನು ಪುಸ್ತಕದ ನಡುವೆ ಇಟ್ಟುಕೊಂಡು. ನಾನು ನೋಡಿದೆ. ನೋಡಿಯೂ ಕಾದೆ. ನಲವತ್ತು ಜನರಿಗೆ ರೈಲು ತಪ್ಪಿತು. ಮೂವತ್ತೊಂಬತ್ತು ಜನ ನನ್ನನ್ನು ಕ್ಷಮಿಸಿದರು, ಕೆಲವರು ಅರ್ಜಿಗೆ ಸಹಿ ಕೂಡ ಹಾಕಿದ್ದಾರೆ. ಕೆಲಸ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆ ದಿನದ ಬಗ್ಗೆ ಇದೆ.

ಇಲ್ಲಿಯ ಸುದ್ದಿ ಒಂದಿದೆ. ಮೇಲ್ವಿಚಾರಕಿ ಕರೆದರು. ಮತ್ತೆ ಬೈಗುಳವೇ ಇರಬೇಕು ಎಂದು ಹೋದೆ. ಮೇಜಿನ ಮೇಲೆ ಕೀಲಿಕೈ ಇಟ್ಟರು. ವಿಭಾಗದ ಬಾಗಿಲನ್ನು ಇನ್ನುಮುಂದೆ ನಾನು ತೆರೆಯಬೇಕು, ಆರಕ್ಕೆ ಹತ್ತು ನಿಮಿಷ ಇರುವಾಗ. ನಾನು ತಡ ಮಾಡಿದರೆ ಹನ್ನೊಂದು ಜನ ಹೊರಗೇ ನಿಲ್ಲಬೇಕು. ಅಂದಿನಿಂದ ಅಲಾರಂಗಿಂತ ಮೊದಲೇ ಎಚ್ಚರವಾಗುತ್ತಿದೆ. ಬಕೆಟ್ಟನ್ನು ಬಾಯ್ಲರಿನವರಿಗೆ ಬಿಟ್ಟುಕೊಟ್ಟೆ. ಮಹಡಿಯವರು ಈಗ ನಗುತ್ತಾ ಮಾತಾಡಿಸುತ್ತಾರೆ.

ನನಗೆ ಎರಡು ದಿನದ ರಜೆ ಉಳಿದಿದೆ. ನಿನ್ನ ಲಾಂಚಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತು, ಒಂದು ಸಲ ಆ ಕಡೆಗೆ ಹೋಗಿ ಈ ಕಡೆಗೆ ಬರಬೇಕೆಂದಿದೆ. ನೀನು ಬರಬೇಡ ಎಂದರೆ ಬರುವುದಿಲ್ಲ. ರಜೆಯನ್ನು ಕಾದಿಟ್ಟಿರುತ್ತೇನೆ.

ನೀನು ಆ ಅರ್ಜಿ ಬರೆ. ನಾನು ಬರೆಯದೇ ಹೋದದ್ದು.

ಇಂತಿ ನಿನ್ನ
ಅಣ್ಣ


ಜೂನ್ 23

ಪ್ರೀತಿಯ ಅಣ್ಣನಿಗೆ,

ಕೆಲಸ ಕಾಯಂ ಆಗಿದೆ. ಸೂಪರಿಂಟೆಂಡೆಂಟ್ ನಿನ್ನೆ ಸಹಿ ಹಾಕಿದರು. ಆದೇಶದ ಪ್ರತಿಯನ್ನು ಅಮ್ಮ ಎರಡು ಓಣಿಗಳಿಗೆ ತೋರಿಸಿ ಬಂದಿದ್ದಾಳೆ, ಮೂರನೆಯದಕ್ಕೆ ಹೊರಟಿದ್ದಾಳೆ.

ವಿಚಾರಣೆ ನಡೆದದ್ದು ಹೀಗೆ. ಮೊದಲು ಗಂಟಣ್ಣನ ವಿಷಯ. ನಾನು ಗಡಿಯಾರ ನೋಡಿದೆ, ಮನುಷ್ಯರನ್ನು ನೋಡಲಿಲ್ಲ, ತಪ್ಪು ನನ್ನದು ಎಂದೆ. ಗಂಟಣ್ಣ ಅಡ್ಡ ಬಂದು, ತನಗೂ ಕೂಗಲು ಬಾಯಿತ್ತು ಎಂದರು. ಒಂದು ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನುಮುಂದೆ ಗಂಟಣ್ಣ ಲಾಂಚಿನೊಳಗಿನಿಂದ ಕೈ ಎತ್ತಿದ ಮೇಲೆಯೇ ನಾನು ಲಾಂಚ್ ಹೊರಡಿಸಬೇಕು. ಅವರು ಈಗ ಕೈ ಎತ್ತುವ ಠೀವಿ ನೋಡಬೇಕು, ಇಡೀ ನದಿಗೇ ಅಪ್ಪಣೆ ಕೊಟ್ಟ ಹಾಗಿರುತ್ತದೆ.

ಆಮೇಲೆ ನನ್ನ ಪಟ್ಟಿ ಮತ್ತು ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಲಾಂಚ್ ಏಳು ಐದಕ್ಕೆ ಹೊರಟರೆ ಏಳು ಇಪ್ಪತ್ತೇಳಕ್ಕೆ ಆಚೆ ದಡ, ಆರು ನಿಮಿಷ ನಡಿಗೆ, ರೈಲಿಗೆ ಇನ್ನೂ ಎರಡು ನಿಮಿಷ ಉಳಿಯುತ್ತದೆ. ಲೆಕ್ಕದ ಮೇಷ್ಟ್ರು ಎದ್ದು ನಿಂತು ಕೂಡುವುದು ಕಳೆಯುವುದು ಸರಿಯಿದೆ ಎಂದು ಸಾಕ್ಷಿ ನುಡಿದರು. ಸೂಪರಿಂಟೆಂಡೆಂಟ್ ನಿಲ್ದಾಣ ಸರಿಸಿದ ವಿಷಯ ಕಚೇರಿಗೆ ತಿಳಿಸಿಯೇ ಇಲ್ಲ ಎಂದು ಬಸ್ಸಿನವರ ಮೇಲೆ ರೇಗಿ ಹಳೆಯ ಕಡತ ತರಿಸಿದರು. ತಿಳಿಸಿದ್ದರು. ಐದು ವರ್ಷದ ಹಿಂದಿನ ಪತ್ರ ಅದರಲ್ಲೇ ಇತ್ತು, ಮೂಲೆಯಲ್ಲಿ ‘ಗಮನಿಸಲಾಗಿದೆ’ ಎಂಬ ಬರಹ, ಕೆಳಗೆ ಅವರದೇ ಸಹಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಗಮನಿಸಲಾಗಿದೆ ಅಂತ ಬರ್ದಿದೀನಿ” ಎಂದರು. “ಗಮನಿಸಿಲ್ಲ ಅನ್ಸುತ್ತೆ.”

ಮೊದಲು ನಕ್ಕವರು ಅವರೇ. ಅದಾದ ಮೇಲೆ ಯಾರಿಗೂ ನಗು ತಡೆಯಲು ಆಗಲಿಲ್ಲ.

ಅರ್ಜಿದಾರರ ಪರವಾಗಿ ಹೊಲಿಗೆಯಮ್ಮ ಬಂದಿದ್ದರು. ಸೂಪರಿಂಟೆಂಡೆಂಟ್ ನೀನು ಬರೆದ ಪತ್ರವನ್ನು ಓದಿ ಹೇಳಿ, ಈಗೇನನ್ನುತ್ತೀರಿ ಎಂದು ಅವರನ್ನು ಕೇಳಿದರು. “ಅಣ್ಣ ಕಾಯ್ತಿದ್ದ ಅಂತ ಅಣ್ಣನ್ನ ಕೇಳಿದ್ವಿ. ಇನ್ಮೇಲೆ ಕಾಯೋದೇ ಬೇಡ್ವಲ್ಲ, ತಂಗಿನೇ ಇರ್ಲಿ. ಇವಳು ಹೊತ್ತಿಗೆ ದಡ ಮುಟ್ಟಿಸ್ತಾಳೆ” ಎಂದರು. ಹೊರಗೆ ಬಂದ ಮೇಲೆ, ಯಂತ್ರ ಹೊತ್ತು ನೋಡಿದ ಚಾಲಕಿ ನೀನೊಬ್ಬಳೇ ಎಂದು ನನ್ನ ಬೆನ್ನು ತಟ್ಟಿದರು. ಸೊಂಟಕ್ಕೆ ತಗುಲಿತು.

ನೀನು ಕೇಳಿದ್ದ ಐದನ್ನು ಟಿಕೆಟ್ಟಿನ ಹಿಂದೆ ಬರೆದೆ. ನಾಲ್ಕನ್ನು ಹೊಡೆದು ಹಾಕಲು ಕಷ್ಟವಾಗಲಿಲ್ಲ. ಉಳಿದದ್ದು, ‘ಹೇಳಿದ ಹೊತ್ತಿಗೆ ಮುಟ್ಟುವುದು.’ ಗಂಟಣ್ಣನಿಗೆ ತೋರಿಸಿದೆ. ಯಾರ್‍ಯಾರು ಎಂದು ಕೇಳಿದರು. ಪೆನ್ನು ತೆಗೆದು ಮುಂದೆ ‘ಎಲ್ಲರೂ’ ಎಂದು ಸೇರಿಸಿದೆ. ವೇಳಾಪಟ್ಟಿಯನ್ನೂ ಹದಿನಾಲ್ಕರಿಂದ ಆರು ಸಾಲಿಗೆ ಇಳಿಸಿದ್ದೇನೆ. ಒಂಬತ್ತನೇ ಸಾಲನ್ನು ನಾನೂ ಯಾವತ್ತೂ ಸರಿಯಾಗಿ ಮಾಡಿರಲಿಲ್ಲ.

ನಿನ್ನ ಮೇ ತಿಂಗಳ ಪತ್ರವನ್ನು ನಾಲ್ಕು ಸಲ ಓದಿದೆ. ಆ ದಿನದ ಬಗ್ಗೆ ಉತ್ತರ ಬರೆಯಲು ಎರಡು ಸಲ ಕೂತೆ, ಬರಲಿಲ್ಲ. ಬದಲಿಗೆ ನಿನ್ನೆ ಸಂಜೆ ನಿನಗೆ ಫೋನು ಮಾಡಿದೆ. ಬಾಯ್ಲರಿನವರು ಎತ್ತಿದರು. ನೀನು ಮಲಗಿಬಿಟ್ಟಿದ್ದೀಯ ಎಂದರು. ಆಗಿನ್ನೂ ಏಳೂ ಹತ್ತು. ಎಬ್ಬಿಸಲಾ ಎಂದು ಕೇಳಿದರು. ಬೇಡ, ಬೆಳಿಗ್ಗೆ ಬಾಗಿಲು ತೆರೆಯಬೇಕಲ್ಲ ಎಂದೆ.

ನೀನು ರಜೆ ಹಾಕಬಹುದು. ಹೊಸ ವೇಳಾಪಟ್ಟಿ ಜುಲೈ 2, ಸೋಮವಾರ ಜಾರಿಗೆ ಬರುತ್ತದೆ. ಬಸ್ಸು ಆರು ಐವತ್ತೆಂಟಕ್ಕೆ ಸೇತುವೆ ರಸ್ತೆಯಲ್ಲಿ ನಿಲ್ಲುತ್ತದೆ. ಲಾಂಚ್ ಏಳು ಗಂಟೆ ಐದು ನಿಮಿಷಕ್ಕೆ ಹೊರಡುತ್ತದೆ.

ಇಂತಿ ನಿನ್ನ
ತಂಗಿ